ಬೀರುವಿನ ಬೀಗ, ನುಡಿ ಫಾಂಟು, ಸೆಲೋಟೇಪು

ಹೋದ ತಿಂಗಳು ಅಂಕಣದ ಕೊನೆಗೆ ‘ಲೈಬ್ರರಿಯಲ್ಲಿ ಕೆಲಸ ಮಾಡುವವರೂ ಕೇಳಬಹುದು’ ಎಂದು ಒಂದು ಸಾಲು ಸೇರಿಸಿದ್ದೇ ತಡ, ಸಂಪಾದಕರು ದಪ್ಪ ಕವರೊಂದನ್ನು ಕಳಿಸಿಬಿಟ್ಟಿದ್ದಾರೆ. ಯಾವ ಪುಸ್ತಕ ಓದಲಿ ಎಂದು ಕೇಳುವವರು ಈ ಸಲ ಸ್ವಲ್ಪ ಕಾಯಬೇಕು. ಶಾಖಾ ಗ್ರಂಥಾಲಯದಲ್ಲಿ ಶುರುಮಾಡಿ ನಗರ ಕೇಂದ್ರ ಗ್ರಂಥಾಲಯದಲ್ಲಿ ನಿವೃತ್ತಳಾದವಳು ನಾನು. ಇಷ್ಟೂ ವರ್ಷ ಕೂತದ್ದು ಕೌಂಟರಿನ ಹಿಂದೆಯೇ. ಹಾಗಾಗಿ ಉತ್ತರಗಳೂ ಕೌಂಟರಿನ ಭಾಷೆಯಲ್ಲೇ ಇರುತ್ತವೆ.

ಮೇಡಂ, ನಾನು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ, ಅಂದರೆ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಪಿಯುಸಿ ಆಗಿದೆ. ಕೆಲಸ ಬಿಡದೆ ಲೈಬ್ರರಿ ಕೋರ್ಸ್ ಮಾಡಬಹುದೇ? ಮಾಡಿದರೆ ಗೌರವಧನ ಹೆಚ್ಚುತ್ತದೆಯೇ?
– ಅರಸೀಕೆರೆ ತಾಲ್ಲೂಕಿನ ಓದುಗಿ

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈದುಕೊಳ್ಳಬೇಡಿ. ಗೌರವಧನ ಏರುವುದು ಸರ್ಕಾರದ ಆದೇಶದಿಂದ, ನಿಮ್ಮ ಸರ್ಟಿಫಿಕೇಟಿನಿಂದಲ್ಲ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವಲ್ಲ, ಅಂದಿನಿಂದ ನಿಮ್ಮ ಆದೇಶ, ಸುತ್ತೋಲೆ, ತರಬೇತಿ ಎಲ್ಲವೂ ಆ ಕಡೆಯಿಂದಲೇ ಬರಬೇಕು. ಹಳೇ ಇಲಾಖೆಯ ಬಾಗಿಲು ತಟ್ಟುತ್ತ ಕೂರಬೇಡಿ. ಪಿಡಿಒ ಮೇಜಿನ ಮೇಲೆ ಬಂದು ಬೀಳುವ ಸುತ್ತೋಲೆಯ ಒಂದು ನಕಲನ್ನು ಕೇಳಿ ಪಡೆಯಿರಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಇನ್ನು ಓದು. ಪಿಯುಸಿ ಆದವರಿಗೆ ಇಗ್ನೋ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್ ಇದೆ, ಕನಿಷ್ಠ ಆರು ತಿಂಗಳದ್ದು. ಪದವಿ ಮುಗಿಸಿದವರಾದರೆ ಇಗ್ನೋದಲ್ಲೂ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಬಿ.ಲಿಬ್, ಅಂದರೆ ಗ್ರಂಥಾಲಯ ವಿಜ್ಞಾನದ ಪದವಿ ಮಾಡಬಹುದು. ಪ್ರವೇಶ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಹೊತ್ತಿಗೆ ತೆರೆಯುತ್ತದೆ. ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಇಗ್ನೋದ ಪಾಠಗಳೆಲ್ಲ ‘ಇ-ಜ್ಞಾನಕೋಶ’ ಎಂಬ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಹೆಸರು ನೋಂದಾಯಿಸದವರೂ ಇಳಿಸಿಕೊಳ್ಳಬಹುದು. ಮೊದಲ ಘಟಕ ಓದಿ ನೋಡಿ. ಇಂಗ್ಲಿಷ್ ತಲೆಗೆ ಹತ್ತಿದರೆ ಸೇರಿ, ಹತ್ತದಿದ್ದರೆ ಮನೆಯಲ್ಲಿ ಪದವಿ ಓದುವ ಹುಡುಗರು ಯಾರಾದರೂ ಇದ್ದರೆ ಜೊತೆಗೆ ಕೂರಿಸಿಕೊಂಡು ಓದಿ. ‘ಸ್ವಯಂ’ ತಾಣದಲ್ಲಿ ವಿಡಿಯೊ ಪಾಠಗಳೂ ಇವೆ. ಕಲಿಯುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ.

ನನ್ನ ಸ್ವಂತ ಅಭಿಪ್ರಾಯ ಕೇಳುವುದಾದರೆ, ಇಡೀ ಕೋರ್ಸಿಗಿಂತ ಮೊದಲು ಎರಡು ವಿಷಯ ಕಲಿಯಿರಿ: ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ಸರಿಯಾಗಿ ಬರೆಯುವುದು, ವಿಷಯವಾರು ವರ್ಗೀಕರಣದ ಮೊದಲ ಮೂರು ಅಂಕಿ ಹಾಕುವುದು. ನಿಮ್ಮ ಕೇಂದ್ರಕ್ಕೆ ನಾಳೆ ಬೆಳಿಗ್ಗೆಯಿಂದಲೇ ಬೇಕಾಗುವುದು ಇವೇ.

ಸ್ಟಾಕ್ ವೆರಿಫಿಕೇಷನ್ನಿನಲ್ಲಿ, ಅಂದರೆ ಪುಸ್ತಕಗಳ ಎಣಿಕೆಯಲ್ಲಿ, ಪುಸ್ತಕ ಕಡಿಮೆ ಬಂದರೆ ನನ್ನ ಕೈಯಿಂದಲೇ ಕಟ್ಟಿಸುತ್ತಾರೆ ಎಂದು ಎಲ್ಲರೂ ಹೆದರಿಸುತ್ತಾರೆ. ಅದಕ್ಕೇ ಹೊಸ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ತಪ್ಪೇ ಮೇಡಂ?
– ಹೆಸರು ಬೇಡ ಎಂದವರು, ಚಿತ್ರದುರ್ಗ ಜಿಲ್ಲೆ

ಹೆದರಿಕೆ ತಪ್ಪಲ್ಲ. ಬೀಗ ತಪ್ಪು.

ನಮ್ಮಲ್ಲಿ ಈ ಭಯ ಅಪ್ಪನಿಂದ ಮಗನಿಗೆ ಆಸ್ತಿ ಬಂದಂತೆ ಒಬ್ಬರಿಂದ ಒಬ್ಬರಿಗೆ ಬಂದಿದೆ. ಚಾರ್ಜ್ ಕೊಡುವವರು ಕೀಲಿಯ ಜೊತೆಗೆ ಹೆದರಿಕೆಯನ್ನೂ ಕೊಟ್ಟುಹೋಗುತ್ತಾರೆ. ನಿಯಮ ಏನು ಹೇಳುತ್ತದೆ ಎಂದು ಓದಿದವರು ಕಡಿಮೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017 ಎಂಬುದಿದೆ. ಅದರ 215ನೇ ನಿಯಮ ಗ್ರಂಥಾಲಯಗಳದ್ದೇ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಕೂತು ಓದಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ ಎಂದು ಅಲ್ಲಿ ಬರೆದಿದೆ. ಷರತ್ತು ಒಂದೇ, ಅದರ ಹಿಂದೆ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು. ಸಾವಿರ ರೂಪಾಯಿಗೆ ಮೇಲ್ಪಟ್ಟ ಪುಸ್ತಕ ಅಥವಾ ಬೆಲೆ ಎಷ್ಟೇ ಇರಲಿ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇಪ್ಪತ್ತು ಸಾವಿರದವರೆಗೆ ಪುಸ್ತಕವಿರುವ ಗ್ರಂಥಾಲಯ ಪ್ರತಿ ವರ್ಷ ಪೂರ್ತಿ ಎಣಿಸಬೇಕು, ಐವತ್ತು ಸಾವಿರದವರೆಗಿನದು ಮೂರು ವರ್ಷಕ್ಕೊಮ್ಮೆ.

ಇದು ಕೇಂದ್ರದ ನಿಯಮ, ನಿಮ್ಮ ಪಂಚಾಯಿತಿಗೆ ನೇರವಾಗಿ ಅನ್ವಯಿಸದು ಎಂದು ಯಾರಾದರೂ ಹೇಳಿದರೆ ಅವರು ಹೇಳುವುದು ಸರಿಯೇ. ಆದರೆ ಕಾರಣ ಕೇಳಿ ನೋಟಿಸ್ ಬಂದಾಗ ‘ಕೇಂದ್ರ ಸರ್ಕಾರದ ಗ್ರಂಥಾಲಯಗಳಲ್ಲಿ ಸಾವಿರಕ್ಕೆ ಐದು ಸಹಜ ನಷ್ಟವೆಂದು ಒಪ್ಪುತ್ತಾರೆ, ನಮ್ಮಲ್ಲಿ ಇಷ್ಟೇ ಆಗಿದೆ’ ಎಂದು ಬರೆದ ಉತ್ತರಕ್ಕೂ, ‘ದಯವಿಟ್ಟು ಮನ್ನಿಸಬೇಕು’ ಎಂದು ಬರೆದ ಉತ್ತರಕ್ಕೂ ಅಜಗಜಾಂತರವಿದೆ.

ಈಗ ಆ ಲೆಕ್ಕವನ್ನೇ ಇನ್ನೊಂದು ಸಲ ನೋಡಿ. ಸಾವಿರಕ್ಕೆ ಐದು ಎನ್ನುವುದು ಬೀರುವಿನಲ್ಲಿರುವ ಪುಸ್ತಕದ ಮೇಲೆ ಹಾಕಿದ ಲೆಕ್ಕವಲ್ಲ, ಓದುಗರ ಕೈಗೆ ಹೋದ ಪುಸ್ತಕದ ಮೇಲೆ ಹಾಕಿದ್ದು. ವರ್ಷಕ್ಕೆ ಎರಡು ಸಾವಿರ ಪುಸ್ತಕ ಓಡಾಡಿದ ಕಡೆ ಹತ್ತು ಕಳೆದರೂ ಸಹಜ. ಇನ್ನೂರು ಓಡಾಡಿದ ಕಡೆ ಒಂದಕ್ಕಿಂತ ಹೆಚ್ಚು ಕಳೆದರೆ ಮಿತಿ ದಾಟಿದಂತೆ. ಬೀಗ ಹಾಕಿದಷ್ಟೂ ನೀವು ನಿಮ್ಮ ರಕ್ಷಣೆಯನ್ನೇ ಕಡಿಮೆ ಮಾಡಿಕೊಳ್ಳುತ್ತಿದ್ದೀರಿ. ಅದಕ್ಕೇ ಹೇಳುವುದು, ಎರವಲು ರಿಜಿಸ್ಟರಿನ ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಸಂಜೆ ಬಾಗಿಲು ಹಾಕುವ ಮುಂಚೆ ಮೇಜಿನ ಮೇಲೆ ಬಿದ್ದಿರುವ ಪುಸ್ತಕಗಳನ್ನು ಎಣಿಸಿ, ದಿನಾಂಕ ಹಾಕಿ ಬರೆದಿಡಿ. ‘ಓದಿದ ಪುಸ್ತಕಗಳನ್ನು ಮೇಜಿನ ಮೇಲೇ ಬಿಡಿ’ ಎಂದು ಗೋಡೆಗೊಂದು ಚೀಟಿ ಅಂಟಿಸಿದರೆ ಎಣಿಕೆ ಸುಲಭ. ವರ್ಷದ ಕೊನೆಗೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಆ ನೋಟ್‌ಬುಕ್ಕು.

ಬೀರುವಿನ ಬೀಗ ಇವತ್ತೇ ತೆಗೆಯಿರಿ. ಬೇಕಿದ್ದರೆ ನಿಘಂಟು, ದೊಡ್ಡ ಬೆಲೆಯ ಪರಾಮರ್ಶನ ಗ್ರಂಥ ಒಳಗಿರಲಿ.

ನಮ್ಮ ಕನ್ನಡ ಪುಸ್ತಕಗಳ ಪಟ್ಟಿಯನ್ನೆಲ್ಲ ಎಕ್ಸೆಲ್‌ನಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೇವೆ. ಸಾಫ್ಟ್‌ವೇರಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಮತ್ತೆ ಮೊದಲಿಂದ ಟೈಪ್ ಮಾಡಬೇಕೇ? ಲೈಬ್ರರಿ ಸಾಫ್ಟ್‌ವೇರುಗಳಲ್ಲಿ ಕೋಹಾ ಒಳ್ಳೆಯದೋ, ಇ-ಗ್ರಂಥಾಲಯ ಒಳ್ಳೆಯದೋ?
– ಗ್ರಂಥಾಲಯ ಸಹಾಯಕ, ದಾವಣಗೆರೆ

ಬೇಡಪ್ಪ, ಮತ್ತೆ ಟೈಪ್ ಮಾಡಬೇಡಿ! ಕಾರಣ ತಿಳಿದರೆ ಅರ್ಧ ಕೆಲಸ ಆದಂತೆ. ಹಳೆಯ ನುಡಿ ಫಾಂಟಿನಲ್ಲಿ ನೀವು ‘ಕ’ ಒತ್ತಿದಾಗ ಕಂಪ್ಯೂಟರ್ ತನ್ನೊಳಗೆ ಇಟ್ಟುಕೊಳ್ಳುವುದು ಒಂದು ಇಂಗ್ಲಿಷ್ ಚಿಹ್ನೆಯನ್ನು. ಅದರ ಮೇಲೆ ‘ಕ’ದ ಚಿತ್ರ ಬರೆದು ತೋರಿಸುವುದಷ್ಟೇ ಫಾಂಟಿನ ಕೆಲಸ. ಆ ಫಾಂಟ್ ಇಲ್ಲದ ಕಡೆ ಚಿತ್ರ ಮಾಯವಾಗಿ ಒಳಗಿನ ಚಿಹ್ನೆ ಮಾತ್ರ ಕಾಣುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್‌ ಪದ್ಧತಿಯಲ್ಲಿ ಹಾಗಲ್ಲ, ‘ಕ’ಕ್ಕೆ ಅದರದ್ದೇ ಸಂಖ್ಯೆ ಇದೆ. ನುಡಿಯ ಹೊಸ ಆವೃತ್ತಿ ಯೂನಿಕೋಡ್‌ನಲ್ಲೇ ಬರೆಯುತ್ತದೆ. ಹಳೆಯದನ್ನು ಬದಲಿಸಿಕೊಡುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ.

ಆದರೆ ಇಡೀ ಫೈಲನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿಯಬೇಡಿ. ಮೂಲದ ಒಂದು ಪ್ರತಿ ತೆಗೆದಿಟ್ಟು, ಮೊದಲ ಐವತ್ತು ಸಾಲು ಮಾತ್ರ ಹಾಕಿ ನೋಡಿ. ಶೀರ್ಷಿಕೆ, ಲೇಖಕ, ಪ್ರಕಾಶಕ, ಈ ಮೂರು ಕಾಲಂ ಮಾತ್ರ ಬದಲಿಸಬೇಕು. ಐಎಸ್‌ಬಿಎನ್, ಇಂಗ್ಲಿಷ್ ಶೀರ್ಷಿಕೆ ಇರುವ ಕಾಲಂ ಹಾಕಿದಿರೋ, ಚೆನ್ನಾಗಿದ್ದ ಇಂಗ್ಲಿಷೂ ಕಲಸುಮೇಲೋಗರವಾಗುತ್ತದೆ. ಆಮೇಲೆ ಅರ್ಕಾವತ್ತು ನೋಡಿ. ನುಡಿಯಲ್ಲಿ ‘ಸೂರ್ಯ’ದ ಅರ್ಕಾವತ್ತು ‘ಯ’ದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಸರಿಯಾಗಿ ಜರುಗಿಸಿದೆಯೇ? ‘ಸರ್ವಜ್ಞ’, ‘ಕಾರ್ನಾಡ’, ‘ಕೃಷ್ಣ’, ‘ರಾಷ್ಟ್ರ’ ಈ ನಾಲ್ಕು ಪದ ಸರಿಯಾಗಿ ಬಂದಿದ್ದರೆ ಉಳಿದದ್ದೂ ಬಹುತೇಕ ಸರಿಯಿರುತ್ತದೆ.

ಇಷ್ಟಾದ ಮೇಲೆ ನಿಜವಾದ ತಲೆನೋವು ಶುರು. ‘ದ.ರಾ.ಬೇಂದ್ರೆ’ ಮತ್ತು ‘ದ. ರಾ. ಬೇಂದ್ರೆ’ ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ನಡುವೆ ಒಂದು ಖಾಲಿ ಜಾಗ, ಅಷ್ಟೇ. ಇನ್ನೊಂದು ಕಡೆ ‘ಅಂಬಿಕಾತನಯದತ್ತ’ ಎಂದೂ ಇರುತ್ತದೆ, ಮೂರನೆಯವರಾದರು. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ. ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ತ್ರಿವೇಣಿ ಮತ್ತು ಅನಸೂಯಾ ಶಂಕರ್, ಹೀಗೆ ಕಾವ್ಯನಾಮದ ನಾಡು ನಮ್ಮದು. ಇದಕ್ಕೆ ಸಾಫ್ಟ್‌ವೇರ್ ಕಂಪನಿಯಲ್ಲಿ ಔಷಧವಿಲ್ಲ. ನಿಮ್ಮ ಸಿಬ್ಬಂದಿಯೆಲ್ಲ ಒಂದು ಮಧ್ಯಾಹ್ನ ಕೂತು, ಪ್ರತಿ ಲೇಖಕರಿಗೆ ಯಾವುದು ಒಪ್ಪಿತ ರೂಪ ಎಂದು ಒಂದು ಹಾಳೆಯಲ್ಲಿ ಬರೆದು, ಟೈಪ್ ಮಾಡುವವರ ಎದುರಿಗೆ ಅಂಟಿಸಬೇಕು. ಉಳಿದ ಹೆಸರುಗಳಿಂದ ಅದಕ್ಕೆ ‘ನೋಡಿ’ ಸೂಚನೆ, ‘ಅಂಬಿಕಾತನಯದತ್ತ: ದ.ರಾ. ಬೇಂದ್ರೆ ನೋಡಿ’ ಎಂಬಂತೆ. ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಇದನ್ನು ದೊಡ್ಡ ಹೆಸರಿಟ್ಟು ಪಾಠ ಮಾಡುತ್ತಾರೆ. ಕೆಲಸ ಮಾತ್ರ ಇಷ್ಟೇ.

ಕೋಹಾನೋ ಇ-ಗ್ರಂಥಾಲಯವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಇ-ಗ್ರಂಥಾಲಯ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಮಾಡಿದ್ದು, ಸರ್ಕಾರಿ ಗ್ರಂಥಾಲಯಗಳಿಗೆಂದೇ ಇದೆ. ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ. ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯನ್ನು ದಾಟುವ ಹಾಗಿರಲಿಲ್ಲ. ಅದಕ್ಕೆ ಹೊಸದನ್ನೇ ಬರೆಸಿ, ಆ ವರ್ಷದ ಜನವರಿಯಲ್ಲಿ ಬಳಕೆಗೆ ತಂದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟರು. ಎರಡರಲ್ಲೂ ಯೂನಿಕೋಡ್ ಕನ್ನಡ ನಡೆಯುತ್ತದೆ. ನಿಮ್ಮ ಮೇಲಿನ ಕಚೇರಿ ಯಾವುದನ್ನು ಹೇಳುತ್ತದೋ ಅದನ್ನೇ ಹಿಡಿಯಿರಿ, ಕೆಟ್ಟಾಗ ಕೇಳುವುದಕ್ಕೆ ಒಬ್ಬರಿರುತ್ತಾರೆ. ಪಟ್ಟಿ ಶುದ್ಧವಾಗಿದ್ದರೆ ಇವತ್ತು ಇದರಲ್ಲಿರುವುದನ್ನು ನಾಳೆ ಅದಕ್ಕೆ ಸಾಗಿಸಬಹುದು.

ಕನ್ನಡ ಪುಸ್ತಕಗಳಿಗೆಲ್ಲ 894.814 ಎಂದು ಹಾಕಿ ಸಾಲಾಗಿ ಇಟ್ಟಿದ್ದಾರೆ. ಏನೂ ಸಿಗುವುದಿಲ್ಲ.
– ಹೊಸದಾಗಿ ಚಾರ್ಜ್ ತೆಗೆದುಕೊಂಡವರು, ಕೊಪ್ಪಳ

ಸಿಗುವುದಾದರೂ ಹೇಗೆ? ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 894.814 ಕನ್ನಡ ಸಾಹಿತ್ಯದ ಸಂಖ್ಯೆ, ಕನ್ನಡದಲ್ಲಿ ಅಚ್ಚಾದ ಎಲ್ಲದರ ಸಂಖ್ಯೆಯಲ್ಲ. ಕನ್ನಡದಲ್ಲಿರುವ ಕೃಷಿ ಪುಸ್ತಕ 630ಕ್ಕೆ ಹೋಗಬೇಕು, ಅಡುಗೆ 641.5ಕ್ಕೆ, ಕಾನೂನು 340ಕ್ಕೆ, ಕರ್ನಾಟಕದ ಇತಿಹಾಸ 954.87ಕ್ಕೆ. ಉಳಿದ ಸಾಹಿತ್ಯಕ್ಕೆ ಇನ್ನೊಂದು ಅಂಕಿ ಸೇರಿಸಿ: ಕವಿತೆಗೆ 1, ನಾಟಕಕ್ಕೆ 2, ಕಥೆ ಕಾದಂಬರಿಗೆ 3, ಪ್ರಬಂಧಕ್ಕೆ 4. ಕಾದಂಬರಿ ಎಂದರೆ 894.8143 ಆಯಿತು, ಅದರ ಕೆಳಗೆ ಲೇಖಕರ ಹೆಸರಿನ ಮೊದಲೆರಡು ಅಕ್ಷರ. ಒಂದು ವಾರ ಬರಿಯ ಕೃಷಿ ಮತ್ತು ಆರೋಗ್ಯದ ಪುಸ್ತಕಗಳನ್ನು ಹೆಕ್ಕಿ ಬೇರೆ ಇಡಿ. ರೈತರು ಕೇಳಿಕೊಂಡು ಬರಲು ಶುರುಮಾಡುತ್ತಾರೆ. ಮಕ್ಕಳ ಪುಸ್ತಕಕ್ಕೆ ಈ ಅಂಕಿಯ ಕಾಟವೇ ಬೇಡ, ಬಣ್ಣದ ಸ್ಟಿಕ್ಕರ್ ಸಾಕು.

ನಮ್ಮಲ್ಲಿಗೆ ಕಣ್ಣು ಕಾಣದ ಯುವಕರೊಬ್ಬರು ಬರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕಂತೆ. ಬ್ರೈಲ್ ಪುಸ್ತಕ ನಮ್ಮಲ್ಲಿಲ್ಲ. ಏನು ಹೇಳಿ ಕಳಿಸಲಿ?
– ಶಾಖಾ ಗ್ರಂಥಾಲಯ, ಮಂಡ್ಯ ಜಿಲ್ಲೆ

ಹೇಳಿ ಕಳಿಸಬೇಡಿ ತಾಯಿ, ಕೂರಿಸಿಕೊಳ್ಳಿ. ನಿಮ್ಮಲ್ಲಿರುವ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಸಿ. ಆಸ್ಟ್ರೇಲಿಯಾದಲ್ಲಿ ಇಬ್ಬರು ದೃಷ್ಟಿಹೀನ ಗೆಳೆಯರು ಮಾಡಿದ್ದು, ಬಿಟ್ಟಿ. ಪರದೆಯ ಮೇಲಿನ ಕನ್ನಡವನ್ನೂ ಓದಿ ಹೇಳುತ್ತದೆ. ದನಿ ಮೊದಲು ಯಂತ್ರದಂತೆ ಕೇಳಿದರೂ ಬಳಸುವವರು ಬೇಗ ಒಗ್ಗಿಕೊಳ್ಳುತ್ತಾರೆ, ಒಗ್ಗದವರು ನಾವು. ಎರಡನೆಯದು ‘ಸುಗಮ್ಯ ಪುಸ್ತಕಾಲಯ’, 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ. ಮುದ್ರಿತ ಅಕ್ಷರ ಓದಲಾಗದವರು ಅದರ ದಾಖಲೆ ಕೊಟ್ಟು ಸದಸ್ಯರಾಗಬಹುದು. ಆ ಅರ್ಜಿ ತುಂಬಿಸಿ ಅಪ್‌ಲೋಡ್ ಮಾಡಿಕೊಡುವುದು ನಿಮ್ಮ ಕೆಲಸ.

ಒಂದು ಎಚ್ಚರ. ಪುಟದ ಫೋಟೊ ತೆಗೆದು ಮಾಡಿದ ಪಿಡಿಎಫ್ ಅನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ, ಅದಕ್ಕೆ ಅಕ್ಷರ ಬೇಕು, ಚಿತ್ರವಲ್ಲ. ಹಳೇ ನುಡಿ ಫಾಂಟಿನ ಕಡತವನ್ನೂ ಓದದು, ದಾವಣಗೆರೆಯವರಿಗೆ ಕೊಟ್ಟ ಉತ್ತರ ನಿಮಗೂ ಸೇರಿತು. ಪುಸ್ತಕವನ್ನು ಹೀಗೆ ಅಂಗವಿಕಲರಿಗಾಗಿ ಪರಿವರ್ತಿಸಿದರೆ ಕಾಪಿರೈಟ್ ತಕರಾರು ಬರುತ್ತದೇನೋ ಎಂದು ಹಿಂಜರಿಯಬೇಡಿ. 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆಯೇ ಲಾಭದ ಉದ್ದೇಶವಿಲ್ಲದ ಈ ಕೆಲಸಕ್ಕೆ ಅವಕಾಶ ಕೊಟ್ಟಿದೆ. ಇದೇ ವಿಷಯದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ.

ಮನೆ ಕಂದಾಯದ ರಸೀದಿಯಲ್ಲಿ ‘ಗ್ರಂಥಾಲಯ ಕರ’ ಎಂದಿದೆ. ನಾನು ಲೈಬ್ರರಿಗೆ ಹೋಗುವುದೇ ಇಲ್ಲ, ನಾನೇಕೆ ಕಟ್ಟಬೇಕು?
– ಒಬ್ಬ ತೆರಿಗೆದಾರರು, ಹುಬ್ಬಳ್ಳಿ

ಕಟ್ಟಿದ್ದೀರಲ್ಲ, ಇನ್ನಾದರೂ ಹೋಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯಕ್ಕೆ. ಅದನ್ನು ವಸೂಲು ಮಾಡುವುದು ನಗರಾಡಳಿತ, ಅಲ್ಲಿಂದ ಗ್ರಂಥಾಲಯ ಪ್ರಾಧಿಕಾರಕ್ಕೆ ಸೇರಬೇಕು. ವಸೂಲಾದದ್ದು ಪೂರ್ತಿ ತಲುಪದೆ ಬಾಕಿ ಉಳಿಯುವುದು ನಮ್ಮ ವೃತ್ತಿಯ ಹಳೆಯ ನೋವು. ಹೀಗೆ ಕೇಳುವ ತೆರಿಗೆದಾರರು ಇನ್ನಷ್ಟು ಜನ ಹುಟ್ಟಲಿ, ‘ನನ್ನ ಆರು ಪೈಸೆ ಎಲ್ಲಿ’ ಎಂದೂ ಕೇಳಲಿ. ಸಿಬ್ಬಂದಿಗೂ ಒಂದು ಮಾತು: ಈ ಕಾಯ್ದೆಯನ್ನು ಒಮ್ಮೆಯಾದರೂ ಓದಿ. ನಾವು ಇಲ್ಲಿ ಕೂತಿರುವುದೇ ಅದರ ಬಲದಿಂದ.

ನಮ್ಮ ವೃತ್ತಿಯ ಸುದ್ದಿ, ಹೊಸ ವಿಚಾರ ತಿಳಿಯಲು ಏನನ್ನು ಓದಬೇಕು? ಆಗಸ್ಟ್ 12ರ ಗ್ರಂಥಪಾಲಕರ ದಿನದಂದು ಫೋಟೊಗೆ ಹಾರ ಹಾಕುವುದು ಬಿಟ್ಟರೆ ನಮ್ಮಲ್ಲಿ ಬೇರೇನೂ ನಡೆಯುವುದಿಲ್ಲ.
– ಎಂ.ಲಿಬ್ ಮಾಡಿದ ಯುವಕ, ಕಲಬುರಗಿ

ಆ ಫೋಟೊದಲ್ಲಿರುವವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರ ಕೊಟ್ಟರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ತರಬೇತಿ, ಸಂಶೋಧನಾ ಕೇಂದ್ರ ಕಟ್ಟಿದರು. ಹಾರದ ಬದಲು ಅವರ ನಾಲ್ಕನೇ ಸೂತ್ರವನ್ನು, ಅಂದರೆ ಓದುಗರ ಸಮಯ ಉಳಿಸಿ ಎಂಬುದನ್ನು ಆ ದಿನ ಪರೀಕ್ಷೆಗೆ ಇಡಿ: ಹೊಸಬರೊಬ್ಬರು ಬಾಗಿಲಿನಿಂದ ಬಂದು ಬೇಕಾದ ಪುಸ್ತಕ ಕೈಗೆ ತೆಗೆದುಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದಿಡಿ.

ಓದುವುದಕ್ಕೆ ಬೇಕಾದಷ್ಟಿದೆ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಮತ್ತು ಯುನೆಸ್ಕೊ ಸೇರಿ ಹೊರಡಿಸಿರುವ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ 2022ರಲ್ಲಿ ಪರಿಷ್ಕೃತವಾಗಿದೆ, ಕೆಲವೇ ಪುಟ. ಇಂಗ್ಲಿಷ್ ಓದಬಲ್ಲವರಿಗೆ ಅಮೆರಿಕದ ಒಸಿಎಲ್‌ಸಿ ಸಂಸ್ಥೆಯ ‘ವೆಬ್‌ಜಂಕ್ಷನ್’ನಲ್ಲಿ ಸಾರ್ವಜನಿಕ ಗ್ರಂಥಾಲಯದವರಿಗೆಂದೇ ಮಾಡಿದ ಉಚಿತ ಪಾಠಗಳಿವೆ. ಅಲ್ಲಿನ ಕಟ್ಟಡ, ಬಜೆಟ್ ನೋಡಿ ನಿಟ್ಟುಸಿರು ಬಿಡಬೇಡಿ. ಸಿಟ್ಟಾಗಿ ಬಂದ ಓದುಗರ ಜೊತೆ ಮಾತಾಡುವುದು ಹೇಗೆ ಎಂಬಂಥ ಪಾಠ ಕಲಬುರಗಿಗೂ ಸಲ್ಲುತ್ತದೆ. ಇನ್ನು ನೀವು ಎಂ.ಲಿಬ್ ಮಾಡಿದವರು. ನಿಮ್ಮ ಪಕ್ಕದ ಅರಿವು ಕೇಂದ್ರದ ಮೇಲ್ವಿಚಾರಕರಿಗೆ ತಿಂಗಳಿಗೊಂದು ಸಂಜೆ ಕನ್ನಡದಲ್ಲಿ ಇದನ್ನೆಲ್ಲ ಹೇಳಿಕೊಡಬಾರದೇಕೆ? ಅರಸೀಕೆರೆಯ ಆ ಹೆಣ್ಣುಮಗಳಂಥವರು ಪ್ರತಿ ತಾಲ್ಲೂಕಿನಲ್ಲಿದ್ದಾರೆ.

ನನ್ನ ಮಗಳು ಲೈಬ್ರರಿಯಲ್ಲಿ ಗಟ್ಟಿಯಾಗಿ ಓದಿದಳೆಂದು ಗದರಿಸಿ ಕಳಿಸಿದರು.
– ಬೇಸರಗೊಂಡ ತಾಯಿ

ಬೇಸರ ನ್ಯಾಯವೇ. ಚಿಕ್ಕ ಮಕ್ಕಳು ಗಟ್ಟಿಯಾಗಿಯೇ ಓದುವುದು. ಮಕ್ಕಳಿಗೆ ಬೇರೆ ಮೂಲೆ ಇಲ್ಲದಿದ್ದರೆ ಬೇರೆ ಹೊತ್ತು ಕೊಡಿ ಎಂದು ಲಿಖಿತವಾಗಿ ಕೇಳಿ. ಲೈಬ್ರರಿಯವರೂ ಕೇಳಿಸಿಕೊಳ್ಳಿ: ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಮಕ್ಕಳ ಸಚಿತ್ರ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಇಳಿಸಿಕೊಂಡು, ಮುದ್ರಿಸಿ, ಮಕ್ಕಳನ್ನು ಸುತ್ತ ಕೂರಿಸಿ ನೀವೇ ಗಟ್ಟಿಯಾಗಿ ಓದಬಹುದು.

ಹರಿದ ಪುಟಕ್ಕೆ ಸೆಲೋಟೇಪ್ ಹಾಕಬಹುದೇ?
– ಯಲ್ಲಾಪುರ

ಖಂಡಿತ ಬೇಡ. ಟೇಪಿನ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಕಳಚಿ ಬೀಳುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಮೈದಾ ಗೋಂದು ಕಾಯಿಸಿ. ಬೈಂಡಿಂಗ್ ಮಾಡುವವರು ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ, ಹುಳ ಹಿಡಿಯದಿರಲಿ ಎಂದು. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗಿಡಿ, ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ. ಹರಿದ ಅಂಚುಗಳನ್ನು ಜೋಡಿಸಿ, ತೆಳುವಾದ ಕಾಗದದ ಪಟ್ಟಿಗೆ ಗೋಂದು ಸವರಿ ಅಂಟಿಸಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಒಂದು ರಾತ್ರಿ ಭಾರದ ಕೆಳಗಿಡಿ. ಬೆನ್ನು ಬಿಟ್ಟ ಪುಸ್ತಕವಾದರೆ ಹತ್ತಿ ಬಟ್ಟೆಯ ಪಟ್ಟಿ ಬೇಕು. ನಿಮ್ಮೂರಲ್ಲಿ ಹಳೇ ಬೈಂಡರ್ ಒಬ್ಬರಿದ್ದರೆ ಎರಡು ಪುಸ್ತಕ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ನಿಂತು ನೋಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ನಿಮ್ಮ ಕಡೆಯ ಮಳೆಗೆ ಗೋಂದು ಒಣಗುವ ಮುಂಚೆ ಬೂಷ್ಟು ಬರುತ್ತದೆ.